ತೂಬು ಎತ್ತುವ ಅಧಿಕಾರ ಮತ್ತು ಮನೆಯ ಕಂಪ್ಯೂಟರ್

ಹಳೆ ಮೈಸೂರು ಸೀಮೆಯಲ್ಲಿ ಕೆರೆಯ ಕೆಳಗೆ ಗದ್ದೆ ಮಾಡಿದ ಮನೆತನಗಳಿಗೆ ‘ನೀರುಗಂಟಿ’ ಎಂಬ ಹೆಸರು ಹೊಸದೇನಲ್ಲ. ಕೆರೆ ಊರಿನದು, ಗದ್ದೆ ರೈತರದು, ಕಂದಾಯ ಸರ್ಕಾರದ್ದು. ಆದರೆ ತೂಬು ಎತ್ತಿ ನೀರು ಬಿಡುವ ಕೆಲಸ ಮಾತ್ರ ನೀರುಗಂಟಿಯದು. ಸರದಿ ನೋಡಿ ತೂಬು ಎತ್ತುವುದು, ಕಾಲುವೆಯ ಉದ್ದಕ್ಕೂ ನಡೆದು ಒಂದೊಂದು ಗದ್ದೆಗೂ ಮಡೆ ತಿರುಗಿಸುವುದು, ಸರದಿ ಮುಗಿದ ಕೂಡಲೇ ತೂಬು ಮುಚ್ಚುವುದು ಅವನ ಹೊಣೆ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳು ಸಲ್ಲುತ್ತಿತ್ತು. ತನ್ನ ಗದ್ದೆ ಒಣಗುತ್ತಿದೆಯೆಂದು ಪಟೇಲನೇ ಹೋಗಿ ತೂಬಿಗೆ ಕೈ ಹಾಕುವುದು ರೂಢಿಗೆ ವಿರುದ್ಧ. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನ ದೊಡ್ಡಕೆರೆಯಿರಲಿ, ಹೆಸರೇ ಕೇಳದ ಹಳ್ಳಿಯ ಕಟ್ಟೆಯಿರಲಿ, ಬೇಕೆಂದವರು ಬೇಕೆಂದಾಗ ತೂಬು ಎತ್ತುವಂತಾದರೆ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ.

ಊರಿನ ಉಳಿದ ಅಧಿಕಾರಗಳೂ ಹೀಗೆಯೇ ಹಂಚಿಹೋಗಿದ್ದವು. ಲೆಕ್ಕ ಬರೆಯುವವನು ಶಾನುಭೋಗ, ಕಂದಾಯ ವಸೂಲಿ ಪಟೇಲನದು, ಕಾವಲು ತಳವಾರನದು. ವಂಶಪಾರಂಪರ್ಯವಾಗಿ ಬಂದ ಈ ಹುದ್ದೆಗಳನ್ನು 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಕೊನೆಗಾಣಿಸಿತು. ಹುಟ್ಟಿನಿಂದ ಕೆಲಸ ಗೊತ್ತಾಗುವ ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಬಲವುಳ್ಳವರು ರೂಢಿಯನ್ನು ಮೀರಿದ ಪ್ರಸಂಗಗಳಿಗೂ ಅಲ್ಲಿ ಕೊರತೆಯಿರಲಿಲ್ಲ. ಆದರೂ ಅದರಲ್ಲಿದ್ದ ಒಂದು ತಿಳಿವಳಿಕೆ ಇಂದಿಗೂ ಬೆಲೆಯುಳ್ಳದ್ದು: ಒಡೆತನ ಬೇರೆ, ಅಪಾಯದ ಅಧಿಕಾರವನ್ನು ಸದಾ ಕೈಯಲ್ಲಿ ಹಿಡಿದಿರುವುದು ಬೇರೆ. ಅಂಥ ಅಧಿಕಾರವನ್ನು ಕೆಲಸವಿದ್ದಾಗ ತೆಗೆದುಕೊಳ್ಳಬೇಕು, ಕೆಲಸ ಮುಗಿದೊಡನೆ ಬಿಡಬೇಕು.

ತುಮಕೂರಿನ ಬಡಾವಣೆಯ ಮನೆಯೊಂದರಲ್ಲಿ ಇಟ್ಟಿರುವ ಕಂಪ್ಯೂಟರಿಗೂ ಈ ಮಾತಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಹತ್ತಿರದ ಸಂಬಂಧವೇ ಇದೆ. ಆ ಯಂತ್ರದೊಳಗೂ ಒಂದು ತೂಬಿದೆ. ಅದನ್ನು ಎತ್ತುವ ಅಧಿಕಾರಕ್ಕೆ ‘ಅಡ್ಮಿನಿಸ್ಟ್ರೇಟರ್’ ಅಧಿಕಾರವೆಂದೂ, ಯೂನಿಕ್ಸ್ ಪರಿಭಾಷೆಯಲ್ಲಿ ‘ರೂಟ್’ ಅಧಿಕಾರವೆಂದೂ ಹೆಸರು. ಅದನ್ನು ಹೇಗೆ ಬಳಸಬೇಕೆಂಬುದು ಇಂದು ಎಂಜಿನಿಯರುಗಳ ವಿಷಯವಾಗಿಯಷ್ಟೇ ಉಳಿದಿಲ್ಲ. ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೊ, ಬ್ಯಾಂಕಿನ ವ್ಯವಹಾರ ಎಲ್ಲವೂ ಒಂದೇ ಯಂತ್ರದೊಳಗೆ ಸೇರಿರುವಾಗ ಅದು ಮನೆಯವರೆಲ್ಲರ ವಿಷಯ.

ನಮ್ಮ ಮನೆಗೆ ಯೂನಿಕ್ಸ್ ಬಂದ ಬಗೆ

ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ಶಿಲ್ಪಿಗಳು. ಆಗ ಕಂಪ್ಯೂಟರ್ ಎಂದರೆ ಒಬ್ಬರ ಮೇಜಿನ ಮೇಲೆ ಕೂರುವ ವಸ್ತುವಾಗಿರಲಿಲ್ಲ. ಬಹಳ ಬೆಲೆಯ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಕೆಲಸ ಮಾಡಬೇಕಿತ್ತು. ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸದಂತೆ, ಒಬ್ಬರ ತಪ್ಪಿನಿಂದ ಎಲ್ಲರ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಯೂನಿಕ್ಸಿನ ಅಡಿಪಾಯದಲ್ಲೇ ಸೇರಿಹೋಯಿತು. ಒಂದೇ ಕೆರೆ, ಹಲವು ಗದ್ದೆ ಎಂಬ ಸಮಸ್ಯೆಯೇ ಅಲ್ಲಿಯೂ ಇದ್ದದ್ದು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಯೂನಿಕ್ಸಿನ ಮಾದರಿಯಲ್ಲೇ ‘ಲಿನಕ್ಸ್’ ಆರಂಭಿಸಿದರು. 2001ರಲ್ಲಿ ಆಪಲ್ ಸಂಸ್ಥೆ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ಯೂನಿಕ್ಸ್ ಮೂಲದ ಹೊಸ ವ್ಯವಸ್ಥೆಯನ್ನು ತಂದಿತು. 2008ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಫೋನಿನ ಒಳತಿರುಳೂ ಲಿನಕ್ಸೇ. ನಮ್ಮ ದೇಶದಲ್ಲಿ ಸರ್ಕಾರಿ ಸಂಸ್ಥೆಯಾದ ಸಿ-ಡಾಕ್ ‘ಬಾಸ್’ ಎಂಬ ಲಿನಕ್ಸ್ ಆವೃತ್ತಿಯನ್ನು ರೂಪಿಸಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬಳಕೆಗೆ ಅದರಲ್ಲಿ ಅವಕಾಶವಿದೆ.

ತುಮಕೂರು ಜಿಲ್ಲೆಯ ಮನೆಗಳಿಗೆ ಈ ವಿದ್ಯೆ ಬಂದದ್ದು ಹೆಚ್ಚಾಗಿ ಕಾಲೇಜಿನ ಚೀಲದಲ್ಲಿ ಎನ್ನಬೇಕು. ತುಮಕೂರಿನಲ್ಲಿ 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯವಿದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಪಠ್ಯಕ್ರಮದಲ್ಲಿ ಯೂನಿಕ್ಸ್ ಒಂದು ವಿಷಯವಾಗಿ ಬಂದದ್ದುಂಟು. ಕಾಲೇಜಿನಲ್ಲಿ ಕಲಿತದ್ದನ್ನು ಮಗನೋ ಮಗಳೋ ಮನೆಯ ಕಂಪ್ಯೂಟರಿನಲ್ಲಿ ಮಾಡಿನೋಡಲು ಲಿನಕ್ಸ್ ಹಾಕುತ್ತಾರೆ. ಹಳೆಯದಾಗಿ ನಿಧಾನವಾದ ಯಂತ್ರಕ್ಕೂ ಅದರಿಂದ ಮರುಜೀವ ಬರುತ್ತದೆ. ಓದು ಮುಗಿಸಿ ಅವರು ಬೆಂಗಳೂರಿಗೆ ಹೋಗುತ್ತಾರೆ. ಯಂತ್ರ ಇಲ್ಲಿ ಉಳಿಯುತ್ತದೆ. ಅದರ ಕೀಲಿ ಯಾರಲ್ಲಿ ಉಳಿಯಿತು ಎಂಬುದು ಯಂತ್ರ ಕೈಕೊಟ್ಟ ದಿನವೇ ಗೊತ್ತಾಗುವುದು.

ಸೊನ್ನೆ ನಂಬರಿನ ದೊರೆ

ಯೂನಿಕ್ಸ್ ತನ್ನ ಬಳಕೆದಾರರನ್ನು ಹೆಸರಿನಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಇಂದಿನ ಬಹುತೇಕ ಲಿನಕ್ಸ್ ಆವೃತ್ತಿಗಳಲ್ಲಿ ಮನೆಯ ಮೊದಲ ಬಳಕೆದಾರರಿಗೆ 1000 ಎಂಬ ಸಂಖ್ಯೆ ಸಿಗುತ್ತದೆ. ಮ್ಯಾಕ್‌ನಲ್ಲಿ ಅದು 501. ಸೊನ್ನೆ ಮಾತ್ರ ಒಬ್ಬನಿಗೇ ಮೀಸಲು. ಅವನೇ ‘ರೂಟ್’.

ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಮತ್ತು ಉಳಿದವರು ಎಂದು ಮೂರು ಬಗೆಯ ಜನ. ಓದಬಹುದೇ, ಬರೆಯಬಹುದೇ, ಕಾರ್ಯಕ್ರಮವಾಗಿ ಓಡಿಸಬಹುದೇ ಎಂದು ಒಬ್ಬೊಬ್ಬರಿಗೂ ಮೂರು ಬಗೆಯ ಅನುಮತಿ. ಸಾಮಾನ್ಯ ಬಳಕೆದಾರ ಕಡತವೊಂದನ್ನು ಮುಟ್ಟಿದಾಗಲೆಲ್ಲ ವ್ಯವಸ್ಥೆ ಈ ಪಟ್ಟಿ ನೋಡುತ್ತದೆ. ಅನುಮತಿಯಿಲ್ಲದಿದ್ದರೆ ‘ಪರ್ಮಿಷನ್ ಡಿನೈಡ್’ ಎಂದು ಹೇಳಿ ಕಳಿಸುತ್ತದೆ. ರೂಟ್ ಬಂದರೆ ಸಾಮಾನ್ಯವಾಗಿ ಈ ತಡೆ ಯಾವುದೂ ಇಲ್ಲ. ಯಾರ ಕಡತವನ್ನಾದರೂ ಅವನು ಓದಬಲ್ಲ, ತಿದ್ದಬಲ್ಲ. ಇಡೀ ವ್ಯವಸ್ಥೆಯನ್ನೇ ಅಳಿಸಲು ಹೇಳಿದರೂ ಬಹುಮಟ್ಟಿಗೆ ನಡೆದುಹೋಗುತ್ತದೆ.

ಇಲ್ಲಿ ಮುಖ್ಯವಾದ ಸಂಗತಿ ಇನ್ನೊಂದಿದೆ. ನೀವು ತೆರೆದ ಕಾರ್ಯಕ್ರಮ ನಿಮ್ಮ ಅಧಿಕಾರವನ್ನೇ ಹೊತ್ತು ಓಡುತ್ತದೆ. ಸಾಮಾನ್ಯ ಬಳಕೆದಾರರಾಗಿ ಬ್ರೌಸರ್ ತೆರೆದರೆ ಬ್ರೌಸರಿಗೂ ಸಾಮಾನ್ಯ ಅಧಿಕಾರವೇ. ರೂಟ್ ಆಗಿ ತೆರೆದರೆ ಅದಕ್ಕೂ ರೂಟ್ ಅಧಿಕಾರ. ಆಗ ಅದರ ಮೂಲಕ ನುಸುಳಿದ ಯಾವ ಕೆಟ್ಟ ತಂತ್ರಾಂಶಕ್ಕೂ ಅದೇ ಅಧಿಕಾರ ಸಿಕ್ಕಿಬಿಡುತ್ತದೆ. ‘ನಾನು ತಪ್ಪು ಮಾಡುವುದಿಲ್ಲ’ ಎಂಬ ಧೈರ್ಯ ಇಲ್ಲಿ ಸಾಲದು. ನಿಮ್ಮ ಹೆಸರಿನಲ್ಲಿ ಓಡುವ ಪ್ರತಿಯೊಂದು ಕಾರ್ಯಕ್ರಮವೂ ತಪ್ಪು ಮಾಡಬಾರದು. ಅದು ಯಾರ ಕೈಯಲ್ಲೂ ಇಲ್ಲ.

ಹಾಗಾದರೆ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸುವುದು ಹೇಗೆ? ಪಾಸ್‌ವರ್ಡುಗಳ ಕಡತ ರೂಟ್‌ಗೆ ಸೇರಿದ್ದು. ಡೆನಿಸ್ ರಿಚಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಪಾಸ್‌ವರ್ಡ್ ಬದಲಿಸುವ ಆ ಒಂದು ಸಣ್ಣ ಕಾರ್ಯಕ್ರಮವನ್ನು ಯಾರೇ ಓಡಿಸಿದರೂ ಅದು ತನ್ನ ಒಡೆಯನ, ಎಂದರೆ ರೂಟ್‌ನ ಅಧಿಕಾರದಲ್ಲಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಅದೊಂದೇ ಕೆಲಸ. ಈ ಉಪಾಯಕ್ಕೆ 1979ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ರೈತನ ಪರವಾಗಿ ನೀರುಗಂಟಿ ತೂಬು ಎತ್ತಿದಂತೆಯೇ ಇದು. ಗದ್ದೆಗೆ ನೀರು ಬಂತು, ತೂಬು ಮಾತ್ರ ರೈತನ ಕೈಗೆ ಬರಲಿಲ್ಲ.

1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಲೇಖನ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟಿತು. ಪ್ರತಿ ಬಳಕೆದಾರನಿಗೂ ಪ್ರತಿ ಕಾರ್ಯಕ್ರಮಕ್ಕೂ ಆಯಾ ಕೆಲಸಕ್ಕೆ ಬೇಕಾದಷ್ಟೇ, ಅದಕ್ಕಿಂತ ಹೆಚ್ಚಿಲ್ಲದ ಅಧಿಕಾರವಿರಬೇಕು ಎಂಬುದು ಅದರ ಸೂತ್ರಗಳಲ್ಲೊಂದು. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇರುವ ಪದ್ಧತಿಯನ್ನೂ ಅವರು ಉದಾಹರಣೆಯಾಗಿ ಎತ್ತಿಕೊಂಡಿದ್ದರು.

ಒಂದು ತೆರಪು, ಒಂದು ಆಜ್ಞೆ

ಅಧಿಕಾರ ಕೈ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳು ಬೇಕಷ್ಟಿವೆ. ಯೂನಿಕ್ಸಿನಲ್ಲಿ ಕಡತ ಅಳಿಸುವ ಆಜ್ಞೆ ‘ಆರ್‌ಎಂ’. ಇದು ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಕೂರುವುದಿಲ್ಲ, ಹೋಗಿಯೇ ಬಿಡುತ್ತದೆ.

2011ರಲ್ಲಿ ಲಿನಕ್ಸ್ ಲ್ಯಾಪ್‌ಟಾಪುಗಳಿಗಾಗಿ ‘ಬಂಬಲ್‌ಬೀ’ ಎಂಬ ತಂತ್ರಾಂಶ ಹೊರಬಂದಿತ್ತು. ಅದನ್ನು ಅಳವಡಿಸುವ ಆಜ್ಞೆಗಳ ಕಡತದಲ್ಲಿ ಒಂದು ಕಡೆ ಬೇಡದ ತೆರಪು ನುಸುಳಿತು. ಯಾವುದೋ ಒಳಗಿನ ಪುಟ್ಟ ಕೋಶವನ್ನು ಅಳಿಸಬೇಕಾಗಿದ್ದ ಆಜ್ಞೆ, ಆ ಒಂದು ತೆರಪಿನಿಂದಾಗಿ ವ್ಯವಸ್ಥೆಯ ಬಹುಪಾಲು ಕಾರ್ಯಕ್ರಮಗಳಿರುವ ‘ಯುಎಸ್‌ಆರ್’ ಎಂಬ ಮುಖ್ಯ ಕೋಶವನ್ನೇ ಅಳಿಸುವ ಆಜ್ಞೆಯಾಗಿ ಮಾರ್ಪಟ್ಟಿತು. ಅಳವಡಿಸುವ ಕೆಲಸ ನಡೆಯುವುದು ರೂಟ್ ಅಧಿಕಾರದಲ್ಲಿ, ಆದ್ದರಿಂದ ತಡೆಯುವವರು ಯಾರೂ ಇರಲಿಲ್ಲ. ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಂಬಿ ಓಡಿಸಿದವರ ಯಂತ್ರಗಳು ಮಾತ್ರ ಕೆಲಸಕ್ಕೆ ಬಾರದಾದವು.

ಇನ್ನೊಂದು ಪ್ರಸಂಗ ಸಿನಿಮಾ ಲೋಕದ್ದು. 1998ರಲ್ಲಿ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ಚಿತ್ರವನ್ನು ತಯಾರಿಸುತ್ತಿತ್ತು. ಯಾರೋ ಕೊಟ್ಟ ಅಳಿಸುವ ಆಜ್ಞೆಯಿಂದ ಚಿತ್ರದ ಪಾತ್ರಗಳು ಒಂದೊಂದಾಗಿ ಕಣ್ಣೆದುರೇ ಮಾಯವಾಗತೊಡಗಿದವು. ಯಂತ್ರದ ವಿದ್ಯುತ್ ತಂತಿ ಕಿತ್ತು ಹಾಕುವಷ್ಟರಲ್ಲಿ ಬಹುಪಾಲು ಹೋಗಿತ್ತು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದ್ದು, ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯಲ್ಲಿದ್ದ ಪ್ರತಿ. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೊಗೆ ತಂದರಂತೆ. ಅಂಥ ನುರಿತವರ ಮನೆಯಲ್ಲೇ ಹೀಗಾದರೆ ನಮ್ಮ ನಿಮ್ಮ ಮನೆಯ ಪಾಡೇನು ಎಂದು ಯಾರಿಗಾದರೂ ಅನ್ನಿಸದಿರದು.

‘ಸೂಡೂ’ ಎಂಬ ಅರೆಗಳಿಗೆಯ ಕಿರೀಟ

ಮೊದಲ ದಿನಗಳಲ್ಲಿ ರೂಟ್ ಆಗಲು ಇದ್ದ ದಾರಿ ‘ಎಸ್‌ಯು’ ಎಂಬ ಆಜ್ಞೆ. ರೂಟ್‌ನ ಪಾಸ್‌ವರ್ಡ್ ಕೊಟ್ಟರೆ ನೀವೇ ರೂಟ್. ಹೊರಬರುವವರೆಗೂ ಏನು ಬೆರಳಚ್ಚಿಸಿದರೂ ಅದು ದೊರೆಯ ಆಜ್ಞೆ. ಇದರಲ್ಲಿ ಎರಡು ತೊಡಕುಗಳಿದ್ದವು. ಹಲವರಿಗೆ ಅಧಿಕಾರ ಬೇಕಾದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹೇಳಬೇಕು. ಏನಾದರೂ ಅನಾಹುತವಾದರೆ ಅವರಲ್ಲಿ ಯಾರು ಮಾಡಿದ್ದು ಎಂದು ಹೇಳುವುದು ಕಷ್ಟ.

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫೆಲೊ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದಕ್ಕೆ ಪರಿಹಾರವಾಗಿ ‘ಸೂಡೂ’ ಬರೆದರು. 1990ರ ದಶಕದಿಂದ ಟಾಡ್ ಮಿಲ್ಲರ್ ಅದನ್ನು ಪೋಷಿಸಿಕೊಂಡು ಬಂದಿದ್ದಾರೆ. ಕನ್ನಡದ ಕಿವಿಗೆ ಈ ಹೆಸರು ‘ಸುಡು’ ಎಂದು ಕೇಳಿಸುತ್ತದೆ. ಎಚ್ಚರ ತಪ್ಪಿದರೆ ಅರ್ಥವೂ ಅದೇ ಆದೀತು.

ಸೂಡೂ ಕೇಳುವುದು ರೂಟ್‌ನ ಪಾಸ್‌ವರ್ಡನ್ನಲ್ಲ, ನಿಮ್ಮದನ್ನೇ. ಯಂತ್ರದ ಮುಂದೆ ಕುಳಿತಿರುವವರು ನೀವೇ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಮಾತ್ರ ಅದು. ಯಾರು ಯಾವ ಕೆಲಸ ಮಾಡಬಹುದು ಎಂಬ ಪಟ್ಟಿ ಬೇರೆ ಕಡತದಲ್ಲಿ ಇರುತ್ತದೆ. ಹೆಸರು ಪಟ್ಟಿಯಲ್ಲಿದ್ದರೆ ಆ ಒಂದು ಆಜ್ಞೆಯನ್ನು ರೂಟ್ ಅಧಿಕಾರದಲ್ಲಿ ನಡೆಸಿಕೊಡುತ್ತದೆ. ಮರು ಆಜ್ಞೆಗೆ ನೀವು ಮತ್ತೆ ಸಾಮಾನ್ಯ ಪ್ರಜೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಜನ ಪಾತ್ರಧಾರಿ ದೃಶ್ಯ ಮುಗಿದ ಮೇಲೆ ಕಿರೀಟ ತೆಗೆದಿಟ್ಟೇ ಊಟಕ್ಕೆ ಕೂರುತ್ತಾನೆ. ಎಸ್‌ಯು ಎಂದರೆ ಕಿರೀಟ ಹೊತ್ತು ಬೀದಿಯಲ್ಲೇ ತಿರುಗಾಡಿದಂತೆ. ಸೂಡೂ ಎಂದರೆ ಒಂದು ಮಾತಿನ ಮಟ್ಟಿಗೆ ಕಿರೀಟ.

ಬಹಳಷ್ಟು ಯಂತ್ರಗಳಲ್ಲಿ ಮೊದಲ ಸಲ ಸೂಡೂ ಬಳಸಿದಾಗ ಅದು ಚಿಕ್ಕದೊಂದು ಉಪದೇಶ ಮಾಡುತ್ತದೆ. ಇತರರ ಖಾಸಗಿತನವನ್ನು ಗೌರವಿಸಿ, ಬೆರಳಚ್ಚಿಸುವ ಮೊದಲು ಯೋಚಿಸಿ, ದೊಡ್ಡ ಅಧಿಕಾರದೊಂದಿಗೆ ದೊಡ್ಡ ಹೊಣೆ ಬರುತ್ತದೆ ಎಂಬುದು ಅದರ ಸಾರ. ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಅಕ್ಷರವಾಗಲಿ ಚುಕ್ಕಿಯಾಗಲಿ ಕಾಣದಿರುವುದೇ ಅದರ ರೂಢಿ. ಹೊಸಬರು ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗುವುದುಂಟು. ಗಾಬರಿ ಬೇಡ, ಪೂರ್ತಿ ಟೈಪಿಸಿ ಎಂಟರ್ ಒತ್ತಿದರೆ ಸಾಕು. ಪಕ್ಕದಲ್ಲಿ ನಿಂತವರಿಗೆ ಅಕ್ಷರಗಳ ಸಂಖ್ಯೆಯೂ ತಿಳಿಯಬಾರದೆಂದು ಮಾಡಿದ ಏರ್ಪಾಡು ಅದು.

2004ರ ಅಕ್ಟೋಬರಿನಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ಆವೃತ್ತಿ ರೂಟ್ ಖಾತೆಯ ಬಾಗಿಲನ್ನೇ ಮುಚ್ಚಿ, ಎಲ್ಲ ಆಡಳಿತವನ್ನೂ ಸೂಡೂ ಮೂಲಕವೇ ಮಾಡುವ ಪದ್ಧತಿಯನ್ನು ಮನೆ ಬಳಕೆದಾರರಿಗೆ ಪರಿಚಯಿಸಿತು. ಮ್ಯಾಕ್‌ನಲ್ಲಿಯೂ ರೂಟ್ ಖಾತೆ ಮುಚ್ಚಿಯೇ ಇರುತ್ತದೆ. ಅಲ್ಲಿ 2015ರಿಂದೀಚೆಗೆ ವ್ಯವಸ್ಥೆಯ ಮುಖ್ಯ ಕಡತಗಳನ್ನು ರೂಟ್ ಕೂಡ ತಿದ್ದದಂತೆ ಮತ್ತೊಂದು ಬೀಗ ಸೇರಿಸಲಾಗಿದೆ.

ಬರೆದಿಟ್ಟ ಲೆಕ್ಕ

ಸೂಡೂವಿನ ಮತ್ತೊಂದು ಗುಣ ಅದು ಲೆಕ್ಕ ಬರೆದಿಡುವುದು. ಯಾರು, ಎಷ್ಟು ಹೊತ್ತಿಗೆ, ಯಾವ ಆಜ್ಞೆ ಕೊಟ್ಟರು ಎಂಬುದು ಯಂತ್ರದ ದಿನಚರಿಯಲ್ಲಿ ದಾಖಲಾಗುತ್ತದೆ. ಅಧಿಕಾರ ಕೊಡುವ ಕಡೆ ಗುರುತೂ ಉಳಿಯಬೇಕೆಂಬ ಈ ವಿಚಾರ ಕರ್ನಾಟಕದ ರೈತರಿಗೆ ಬೇರೆ ರೀತಿಯಲ್ಲಿ ಪರಿಚಿತ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟು ವ್ಯವಸ್ಥೆಯೊಳಗೆ ಹೋಗುವ ಏರ್ಪಾಡಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಿದ್ದುಪಡಿ ಮಾಡಿದ ಮೇಲೆ ‘ನಾನಲ್ಲ’ ಎನ್ನಲು ಅವಕಾಶವಿರಬಾರದೆಂಬುದೇ ಅದರ ಉದ್ದೇಶ. ಅದರ ಹಿಂದಿದ್ದ ಕಂಪ್ಯೂಟರ್ ವ್ಯವಸ್ಥೆ ಬೇರೆ ಬಗೆಯದಾದರೂ ತತ್ವ ಒಂದೇ.

ಮನೆಯಲ್ಲಿ ಅಪರಾಧಿಯನ್ನು ಹಿಡಿಯಲು ಈ ಲೆಕ್ಕ ಬೇಕಾಗಿಲ್ಲ. ‘ನಿನ್ನೆ ಏನು ಬದಲಿಸಿದೆ, ಇವತ್ತು ಪ್ರಿಂಟರ್ ಯಾಕೆ ಓಡುತ್ತಿಲ್ಲ’ ಎಂದು ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮ

ಮೊದಲನೆಯದಾಗಿ, ದಿನದ ಬಳಕೆಗೆ ಒಂದು ಸಾಮಾನ್ಯ ಖಾತೆ, ಆಡಳಿತಕ್ಕೆ ಬೇರೊಂದು ಖಾತೆ ಇರಲಿ. ಯಂತ್ರ ತಂದು ಮೊದಲ ಬಾರಿ ತೆರೆದಾಗ ಮಾಡಿಕೊಳ್ಳುವ ಖಾತೆಗೆ ಮ್ಯಾಕ್‌ನಲ್ಲಿ ಆಡಳಿತದ ಅಧಿಕಾರ ಸೇರಿಯೇ ಬರುತ್ತದೆ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿಯೂ ಅಷ್ಟೇ. ಅದನ್ನು ಹಾಗೆಯೇ ಇಟ್ಟು, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಾಮಾನ್ಯ ಖಾತೆ ತೆರೆಯಬಹುದು. ಯಜಮಾನರಿಗೂ, ಮನೆಯೊಡತಿಗೂ, ಶಾಲೆಯ ಮಗುವಿಗೂ. ಆಗ ಮಗು ಆಟದ ನೆಪದಲ್ಲಿ ಏನು ಒತ್ತಿದರೂ ಅಪ್ಪನ ಲೆಕ್ಕಪತ್ರ, ಅಮ್ಮನ ಫೋಟೊಗಳು ಬದುಕುತ್ತವೆ. ಒಬ್ಬರ ಪತ್ರ ಇನ್ನೊಬ್ಬರ ಕಣ್ಣಿಗೆ ಬೀಳದಿರುವುದು ಮನೆಯೊಳಗೂ ಒಂದು ಮರ್ಯಾದೆಯೇ.

ಎರಡನೆಯದಾಗಿ, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಪರದೆಯ ಮೇಲೆ ಬಂದಾಗ ಒಂದು ಕ್ಷಣ ತಡೆಯಿರಿ. ಅಧಿಕಾರ ಬೇಕಾಗುವಂಥ ಕೆಲಸವನ್ನು ಈಗ ನಾನೇ ಶುರು ಮಾಡಿದೆನೇ? ಹೊಸ ತಂತ್ರಾಂಶ ಹಾಕಲು ಹೇಳಿದ ಮೇಲೆ ಕೇಳಿದರೆ ಅದು ಸಹಜ. ಸುಮ್ಮನೆ ಜಾಲತಾಣ ನೋಡುತ್ತಿರುವಾಗ ಕೇಳಿದರೆ ಪೆಟ್ಟಿಗೆ ಮುಚ್ಚುವುದೇ ಕ್ಷೇಮ.

ಮೂರನೆಯದಾಗಿ, ‘ಪರ್ಮಿಷನ್ ಡಿನೈಡ್’ ಎಂದ ತಕ್ಷಣ ಅದೇ ಆಜ್ಞೆಯ ಮುಂದೆ ಸೂಡೂ ಸೇರಿಸಿ ಮತ್ತೆ ಒತ್ತುವ ಚಾಳಿ ಬಿಡಬೇಕು. ನಿಮ್ಮದೇ ಮನೆಕೋಶದ ಕಡತಕ್ಕೆ ಸೂಡೂ ಬೇಕಾಯಿತೆಂದರೆ ಎಲ್ಲೋ ಏನೋ ತಪ್ಪಿದೆ ಎಂದರ್ಥ. ಆ ತಪ್ಪನ್ನು ಹುಡುಕಬೇಕು. ತಡೆಯನ್ನೇ ಕಿತ್ತೊಗೆಯಲು ಕಡತಕ್ಕೆ ‘777’ ಎಂಬ ಅನುಮತಿ ಕೊಡುವವರಿದ್ದಾರೆ. ಓದು, ಬರಹ, ಓಟ ಮೂರಕ್ಕೂ ಎಲ್ಲರಿಗೂ ಅವಕಾಶ ಎಂಬುದು ಆ ಸಂಖ್ಯೆಯ ಅರ್ಥ. ಕಳ್ಳನ ಭಯಕ್ಕೆ ಬಾಗಿಲು ಹಾಕಿ, ಕೀಲಿ ತಿರುಗದಿದ್ದರೆ ಬಾಗಿಲನ್ನೇ ಕಿತ್ತಿಟ್ಟಂತಾಯಿತು.

ನಾಲ್ಕನೆಯದಾಗಿ, ಅರ್ಥವಾಗದ ಆಜ್ಞೆಯನ್ನು ಎಲ್ಲಿಂದಲೋ ನಕಲು ಮಾಡಿ ಸೂಡೂ ಜೊತೆ ಅಂಟಿಸಬೇಡಿ. ದೂರದ ತಾಣದಿಂದ ಕಡತವನ್ನು ಇಳಿಸಿ, ಓದದೆಯೇ ನೇರವಾಗಿ ರೂಟ್ ಅಧಿಕಾರದಲ್ಲಿ ಓಡಿಸುವ ಒಂದು ಸಾಲಿನ ಆಜ್ಞೆಗಳು ಬಹಳ ಬಳಕೆಯಲ್ಲಿವೆ. ಖಾಲಿ ಕಾಗದಕ್ಕೆ ರುಜು ಹಾಕಿ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ. ಆಯಾ ಲಿನಕ್ಸ್ ಆವೃತ್ತಿಯವರೇ ಪರಿಶೀಲಿಸಿ ಇಟ್ಟಿರುವ ಭಂಡಾರದಿಂದ ತಂತ್ರಾಂಶ ಪಡೆಯುವುದು ವಾಸಿ.

ಐದನೆಯದಾಗಿ, ಅಳಿಸುವ ಮೊದಲು ನೋಡಿ. ‘ಆರ್‌ಎಂ’ ಕೊಡುವ ಮುನ್ನ ಅದೇ ಹೆಸರನ್ನು ‘ಎಲ್‌ಎಸ್’ ಆಜ್ಞೆಗೆ ಕೊಟ್ಟರೆ ಯಾವ ಯಾವ ಕಡತಗಳು ಹೋಗಲಿವೆ ಎಂಬ ಪಟ್ಟಿ ಕಣ್ಣಿಗೆ ಬೀಳುತ್ತದೆ. ತೆರಪುಗಳ ಮೇಲೆ ನಿಗಾ ಇರಲಿ. ಸೂಡೂವಿನ ಪಟ್ಟಿಯನ್ನೇ ತಿದ್ದಬೇಕಾಗಿ ಬಂದರೆ ಸಾಮಾನ್ಯ ಬರಹ ತಂತ್ರಾಂಶದಲ್ಲಿ ತೆರೆಯದೆ ‘ವಿಸೂಡೂ’ ಬಳಸಬೇಕು. ಬರೆದದ್ದರಲ್ಲಿ ವ್ಯಾಕರಣದೋಷವಿದ್ದರೆ ಅದು ಉಳಿಸುವ ಮೊದಲೇ ಎಚ್ಚರಿಸುತ್ತದೆ. ತಪ್ಪು ಉಳಿದರೆ ಸೂಡೂ ಕೆಲಸವನ್ನೇ ಮಾಡದು. ತಿದ್ದಲು ಬೇಕಾದ ಅಧಿಕಾರವೂ ಅದರೊಂದಿಗೇ ಹೋಗುತ್ತದೆ.

ಆರನೆಯದಾಗಿ, ಕೆಲಸ ಮುಗಿದ ಮೇಲೆ ಎದ್ದು ಹೋಗುವ ಮುನ್ನ ಅಧಿಕಾರ ಬಿಟ್ಟುಕೊಡಿ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಸೂಡೂ ಕೆಲವು ನಿಮಿಷ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಕೆಲವು ಆವೃತ್ತಿಗಳಲ್ಲಿ ಐದು ನಿಮಿಷ, ಕೆಲವದರಲ್ಲಿ ಹದಿನೈದು. ಆ ಹೊತ್ತಿನಲ್ಲಿ ಅದೇ ಕಿಟಕಿಯ ಮುಂದೆ ಯಾರು ಬಂದು ಕುಳಿತರೂ ಅವರೇ ದೊರೆ. ಕಿಟಕಿ ಮುಚ್ಚಿ, ಪರದೆಗೆ ಬೀಗ ಹಾಕಿ ಏಳುವುದು ಲೇಸು. ಆಜ್ಞೆ ಬರೆಯುವ ಸಾಲಿನ ಮೊದಲಲ್ಲಿ ಡಾಲರ್ ಅಥವಾ ಶೇಕಡಾ ಚಿಹ್ನೆ ಇದ್ದ ಜಾಗದಲ್ಲಿ ಹ್ಯಾಶ್ ಗುರುತು ಕಂಡರೆ ನೀವಿನ್ನೂ ರೂಟ್ ಆಗಿಯೇ ಇದ್ದೀರಿ ಎಂದು ತಿಳಿಯಬೇಕು.

ಇಷ್ಟು ಮಾಡಿದರೂ ಉಳಿಯುವ ಅಪಾಯ

ಈ ಕ್ರಮಗಳಿಂದ ಎಲ್ಲವೂ ಕ್ಷೇಮವಾಯಿತು ಎಂದರೆ ಅದು ಸುಳ್ಳಾದೀತು. ಬೀಗ ಮಾಡುವವರೂ ಮನುಷ್ಯರೇ. 2017ರ ನವೆಂಬರ್ 28ರಂದು ಮ್ಯಾಕ್‌ನ ಅಂದಿನ ಹೊಸ ಆವೃತ್ತಿಯಲ್ಲೊಂದು ದೋಷ ಬಯಲಾಯಿತು. ಹೆಸರಿನ ಜಾಗದಲ್ಲಿ ‘ರೂಟ್’ ಎಂದು ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು ಒಂದೆರಡು ಸಲ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಆಪಲ್ ಮರುದಿನವೇ ತೇಪೆ ಹಾಕಿತು. 2021ರ ಜನವರಿಯಲ್ಲಿ ಸೂಡೂವಿನಲ್ಲೇ ಒಂದು ದೊಡ್ಡ ದೋಷವನ್ನು ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆ ಪತ್ತೆ ಮಾಡಿತು. ಪಟ್ಟಿಯಲ್ಲಿ ಹೆಸರಿಲ್ಲದ ಬಳಕೆದಾರನೂ ಅದರಿಂದ ರೂಟ್ ಆಗಬಹುದಿತ್ತು. 2011ರಲ್ಲಿ ನುಸುಳಿದ್ದ ಆ ದೋಷ ಹತ್ತಿರಹತ್ತಿರ ಹತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಥ ತೇಪೆಗಳು ನಮ್ಮ ಯಂತ್ರಕ್ಕೆ ತಲುಪುವುದು ನಾವು ಅಪ್‌ಡೇಟ್ ಮಾಡಿದಾಗ ಮಾತ್ರ. ‘ಆಮೇಲೆ ನೋಡೋಣ’ ಎಂದು ಮುಂದೂಡುವವರು ಇದನ್ನು ನೆನಪಿಡಬೇಕು.

ಇನ್ನೂ ಮುಖ್ಯವಾದ ಮಿತಿಯೊಂದಿದೆ. ರೂಟ್ ಅಧಿಕಾರವನ್ನು ಕಾಪಾಡಿಕೊಂಡರೆ ಉಳಿಯುವುದು ವ್ಯವಸ್ಥೆ ಮತ್ತು ಮನೆಯ ಇತರರ ಕಡತಗಳು. ನಿಮ್ಮ ಸ್ವಂತ ಪತ್ರಗಳಿಗೆ ನೀವೇ ಒಡೆಯರಾದ್ದರಿಂದ ಅವುಗಳನ್ನು ಅಳಿಸಲು ನಿಮಗೆ, ಅಂತೆಯೇ ನಿಮ್ಮ ಹೆಸರಿನಲ್ಲಿ ಓಡುವ ಕೆಟ್ಟ ತಂತ್ರಾಂಶಕ್ಕೆ, ಸಾಮಾನ್ಯ ಅಧಿಕಾರವೇ ಸಾಕು. ವ್ಯವಸ್ಥೆ ಹಾಳಾದರೆ ಮತ್ತೆ ಹಾಕಬಹುದು. ತೀರಿಕೊಂಡ ಅಜ್ಜಿಯ ಧ್ವನಿಮುದ್ರಣ ಹೋದರೆ ಮತ್ತೆ ಬರುವುದಿಲ್ಲ. ಆದ್ದರಿಂದ ಬೇರೆ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಪ್ರತಿ ಇದೆ ಎಂದು ನಂಬಿದರೆ ಸಾಲದು, ಆಗೀಗ ತೆರೆದು ನೋಡಬೇಕು. ಪಿಕ್ಸಾರ್ ಕಲಿತ ಪಾಠ ಅದೇ.

ಯಂತ್ರವೇ ಬೇರೆಯವರ ಕೈ ಸೇರಿದರೆ ಪಾಸ್‌ವರ್ಡ್ ಒಂದೇ ರಕ್ಷಣೆಯಾಗದು. ಡಿಸ್ಕನ್ನು ತೆಗೆದು ಇನ್ನೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿಡುವ ಸೌಲಭ್ಯ ಮ್ಯಾಕ್, ಲಿನಕ್ಸ್ ಎರಡರಲ್ಲೂ ಇದೆ. ಲ್ಯಾಪ್‌ಟಾಪ್ ಹೊತ್ತು ತಿರುಗುವವರು ಅದನ್ನು ಬಳಸಬೇಕು.

ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿಗೂ ಈ ವಿಚಾರ ಸಲ್ಲುತ್ತದೆ. ಅದರೊಳಗೆ ಸಾಮಾನ್ಯವಾಗಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ ಇದ್ದು, ಒಂದರ ಕಡತಕ್ಕೆ ಇನ್ನೊಂದು ಕೈ ಹಾಕದಂತೆ ತಡೆಯಿದೆ. ಫೋನನ್ನು ‘ರೂಟ್ ಮಾಡಿಸುವುದು’ ಎಂದರೆ ಆ ತಡೆಯನ್ನು ಮೀರುವ ಅಧಿಕಾರವನ್ನು ಪಡೆಯುವುದು. ಅಂಥ ಫೋನಿನಲ್ಲಿ 여러 ಬ್ಯಾಂಕುಗಳ ಆ್ಯಪ್‌ಗಳು ಕೆಲಸ ಮಾಡಲು ಒಪ್ಪದಿರುವುದಕ್ಕೆ ಕಾರಣ ಇದೇ.

ಕೀಲಿ ಯಾರ ಬಳಿ?

ಕೊನೆಗೆ ಉಳಿಯುವುದು ಯಂತ್ರದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಆಡಳಿತದ ಪಾಸ್‌ವರ್ಡ್ ಬೆಂಗಳೂರಿನಲ್ಲಿರುವ ಮಗನಿಗೆ ಮಾತ್ರ ಗೊತ್ತಿದ್ದರೆ ಅವನು ಫೋನಿಗೆ ಸಿಗದ ದಿನ ಕುಣಿಗಲ್ಲಿನ ಮನೆಯಲ್ಲಿ ಪ್ರಿಂಟರ್ ಕೂಡ ಓಡದಿರಬಹುದು. ರಿಪೇರಿ ಅಂಗಡಿಯವರು ಹಾಕಿಕೊಟ್ಟ ಪಾಸ್‌ವರ್ಡನ್ನೇ ಮುಂದುವರಿಸಿದರೆ ಮನೆಯ ಕೀಲಿ ಅಂಗಡಿಯಲ್ಲೂ ಒಂದು ಇದ್ದಂತೆ. ರಿಪೇರಿಗೆ ಕೊಡಬೇಕಾದಾಗ ಮುಖ್ಯ ಪತ್ರಗಳ ಪ್ರತಿ ತೆಗೆದುಕೊಂಡು, ಯಂತ್ರ ಮರಳಿದ ಮೇಲೆ ಪಾಸ್‌ವರ್ಡ್ ಬದಲಿಸುವುದು ಒಳ್ಳೆಯ ರೂಢಿ. ಬ್ಯಾಂಕಿನವರೆಂದೋ ಕಂಪನಿಯವರೆಂದೋ ಫೋನ್ ಮಾಡಿ, ದೂರದಿಂದಲೇ ಸರಿಪಡಿಸುತ್ತೇವೆ, ಪಾಸ್‌ವರ್ಡ್ ಹೇಳಿ ಎನ್ನುವವರಿಗೆ ಅದನ್ನು ಎಂದಿಗೂ ಹೇಳಬಾರದು.

ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಆಡಳಿತದ ಕೆಲಸ ತಿಳಿದಿರಲಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಒಡವೆ ಮತ್ತು ಜಮೀನಿನ ಪತ್ರಗಳಿರುವ ಬೀರುವಿನಲ್ಲಿ ಇಡುವುದು ಹಳೆಯ ಕಾಲದ ಉಪಾಯವೆನಿಸಬಹುದು. ಆದರೆ ಮನೆಯೊಳಗಿನ ಬೀರುವಿಗೆ ದೂರದೇಶದ ಕಳ್ಳ ಕೈ ಹಾಕಲಾರ. ಕಂಪ್ಯೂಟರಿಗೆ ಚೀಟಿ ಅಂಟಿಸಿ ಇಡುವುದಕ್ಕಿಂತಲೂ, ಒಬ್ಬರ ನೆನಪನ್ನೇ ನಂಬಿ ಕೂರುವುದಕ್ಕಿಂತಲೂ ಅದು ಎಷ್ಟೋ ಮೇಲು.

ಯಂತ್ರ ನಮ್ಮದೇ ಆಗಿರುವಾಗ ನಮಗೇ ಏಕೆ ಈ ಅಡೆತಡೆ ಎಂದು ಕೇಳುವವರಿದ್ದಾರೆ. ನಮ್ಮದಾಗಿರುವುದರಿಂದಲೇ ಈ ಅಡೆತಡೆ ಬೇಕು. ಹಾಳಾದರೆ ಹೋಗುವುದೂ ನಮ್ಮದೇ. ದಿನದ ಕೆಲಸವನ್ನು ಸಾಮಾನ್ಯರಂತೆ ಮಾಡಿಕೊಂಡಿದ್ದು, ಬೇಕಾದಾಗ ಎದ್ದು ಹೋಗಿ ತೂಬು ಎತ್ತಿ, ಸರದಿ ಮುಗಿದೊಡನೆ ಮುಚ್ಚಿ ಬರುವ ಶಿಸ್ತು ಕಷ್ಟದ್ದೇನಲ್ಲ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಎಷ್ಟು ಖಾತೆಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಆಡಳಿತದ ಅಧಿಕಾರವಿದೆ ಎಂದು ಈ ಭಾನುವಾರ ಒಮ್ಮೆ ನೋಡಿಕೊಳ್ಳುವುದರಿಂದ ಇದನ್ನು ಆರಂಭಿಸಬಹುದು.